ಒಂದನೆಯ ಇಯತ್ತೆಯ ಮೃಗಾಲಯ

ಶ್ರೀಮಠದ ವಿದ್ಯಾಸಂಸ್ಥೆಯ ಈ ಸ್ಮರಣ ಸಂಚಿಕೆಗೆ ನನ್ನ ಅನುಭವದ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನಾನು ಹಿಂಜರಿದೆನು. ಸಂಸ್ಥೆಯ ಬೆಳವಣಿಗೆ, ಕಟ್ಟಡಗಳು, ಪರೀಕ್ಷಾ ಫಲಿತಾಂಶಗಳು ಇವುಗಳನ್ನು ಕುರಿತು ಬರೆಯಲು ನನಗಿಂತ ಅರ್ಹರಾದ ಹಿರಿಯರಿದ್ದಾರೆ. ನಾನಾದರೋ ಸೇವೆಯ ಬಹುಭಾಗವನ್ನು ಒಂದನೆಯ ಇಯತ್ತೆಯ ಕೋಣೆಯಲ್ಲಿಯೇ ಕಳೆದವನು. ಆದುದರಿಂದ ಆ ಕೋಣೆಯಲ್ಲಿ ನಡೆದ ಒಂದು ಸಂಗತಿಯನ್ನು, ಅದರಲ್ಲಿ ನನ್ನ ಕೈಯಿಂದಾದ ತಪ್ಪನ್ನೂ ಮುಚ್ಚಿಡದೆ, ಇಲ್ಲಿ ನಿವೇದಿಸುತ್ತೇನೆ.

1983ನೆಯ ಇಸವಿಯ ಮಾತು. ನಮ್ಮಲ್ಲಿ ಆಗ ಅಕ್ಷರ ಕಲಿಸುವ ಕ್ರಮವು ಹಿಂದಿನಿಂದ ನಡೆದುಬಂದದ್ದೇ ಆಗಿತ್ತು. ಮೊದಲು ಓಂ ನಮಃ ಶಿವಾಯ, ಅನಂತರ ಸ್ವರಗಳು, ಅನಂತರ ವ್ಯಂಜನಗಳು, ಅದು ಮುಗಿದ ಮೇಲೆ ಕಾಗುಣಿತ. ನಮ್ಮ ವರ್ಣಮಾಲೆಯಲ್ಲಿ ನಲವತ್ತೊಂಬತ್ತು ಅಕ್ಷರಗಳು. ಅವುಗಳಲ್ಲಿ ವ್ಯಂಜನಗಳು ಮೂವತ್ತನಾಲ್ಕು. ಒಂದೊಂದು ವ್ಯಂಜನಕ್ಕೆ ಹದಿನೈದು ಗುಣಿತ ರೂಪಗಳೆಂದು ಹಿಡಿದರೆ 510 ಆಗುತ್ತವೆ. ಆರು ವರ್ಷದ ಮಗು ಈ 510 ರೂಪಗಳನ್ನು ರಾಗವಾಗಿ ಒಪ್ಪಿಸುವುದನ್ನು ಕೇಳುವುದು ಕಿವಿಗೆ ಇಂಪಾಗಿಯೇ ಇರುತ್ತಿತ್ತು. ದೀಪಾವಳಿಯ ಹೊತ್ತಿಗೆ ನನ್ನ ವರ್ಗದ ಮಕ್ಕಳೆಲ್ಲರೂ ಹಾಗೆ ಒಪ್ಪಿಸುತ್ತಿದ್ದರು. ಆದರೆ ಹಲಗೆಯ ಮೇಲೆ ‘ಸರ’ ಎಂದು ಬರೆದು ಇದೇನೆಂದು ಕೇಳಿದರೆ ಸಕಾರದಿಂದ ರಕಾರದವರೆಗೆ ಬೆರಳು ಮಡಿಸುತ್ತ ಕುಳಿತುಕೊಳ್ಳುತ್ತಿದ್ದರು. ಅಕ್ಷರಗಳೆಲ್ಲ ಬಂದಿದ್ದವು, ಓದು ಮಾತ್ರ ಬಂದಿರಲಿಲ್ಲ.

ಇದಕ್ಕೆ ಉಪಾಯವಾಗಿ ಒಂದು ಸಣ್ಣ ಕಥೆಯನ್ನು ನಾನೇ ಬರೆಯಬೇಕೆಂದು ನಿಶ್ಚಯಿಸಿದೆನು. ಒತ್ತಕ್ಷರ ಒಂದೂ ಇರಬಾರದು ಎಂಬುದೊಂದೇ ನಾನು ಹಾಕಿಕೊಂಡ ಕಟ್ಟಳೆ. ಮಕ್ಕಳಿಗೆ ಗೊತ್ತಿರುವ ಮನೆಮಾತುಗಳಿಂದಲೇ ಕಥೆ ಕಟ್ಟೋಣವೆಂದು ಕುಳಿತರೆ ಮೊದಲ ಸಾಲಿನಲ್ಲಿಯೇ ತೊಡಕು ಬಂದಿತು. ಅಪ್ಪ, ಅವ್ವ, ಅಜ್ಜ, ಅಕ್ಕ, ಅಣ್ಣ, ತಮ್ಮ, ಇವರೆಲ್ಲರೂ ಒತ್ತಿನವರೇ. ರೊಟ್ಟಿ, ಬೆಲ್ಲ, ಕಲ್ಲು, ಮಣ್ಣು ಒತ್ತಿನವು. ಎತ್ತು, ಎಮ್ಮೆ, ಬೆಕ್ಕು, ಕತ್ತೆ ಒತ್ತಿನವು. ‘ಅಕ್ಷರ’ ಎಂಬ ಶಬ್ದವನ್ನೇ ಒತ್ತಿಲ್ಲದೆ ಬರೆಯಲಾಗದು! ಕುರಿ, ಆಡು, ನಾಯಿ ಮಾತ್ರ ನನ್ನ ಪಾಲಿಗೆ ಉಳಿದವು. ಆಗ ಹೊಳೆಯಿತು, ಕಾಡಿನ ಪ್ರಾಣಿಗಳ ಹೆಸರುಗಳು ನಮ್ಮ ನುಡಿಯಲ್ಲಿ ಎಷ್ಟು ಸರಳವಾಗಿವೆ ಎಂಬುದು. ಆನೆ, ಹುಲಿ, ಕರಡಿ, ನರಿ, ಚಿರತೆ, ಜಿಂಕೆ, ಮೊಸಳೆ, ಕೋತಿ, ನವಿಲು, ಗಿಳಿ. ಹೊರನಾಡಿನ ಜಿರಾಫೆಗೂ ಒತ್ತಿಲ್ಲ. ಘೇಂಡಾಮೃಗ, ಉಷ್ಟ್ರಪಕ್ಷಿಗಳನ್ನು ಹೊರಗಿಟ್ಟರೆ ಸಾಕು. ಹೀಗೆ ನನ್ನ ಕಥೆ ಮೃಗಾಲಯದ ಕಥೆಯಾದದ್ದು ಮಕ್ಕಳ ಪ್ರಾಣಿಪ್ರೀತಿಯಿಂದಲ್ಲ, ಒತ್ತಕ್ಷರದ ಭಯದಿಂದ.

ಪ್ರಾಣಿಗಳಿಗೆ ಉಣಿಸುವ ಕಾವಲುಗಾರನಿಗೆ ಬಸವ ಎಂದು ಹೆಸರಿಟ್ಟೆನು. ಮೂರೂ ಅಕ್ಷರಗಳಿಗೆ ಗುಣಿತವಿಲ್ಲ, ಒತ್ತಿಲ್ಲ. ನಮ್ಮ ಶಾಲೆಗೆ ಇದಕ್ಕಿಂತ ತಕ್ಕ ಹೆಸರು ಯಾವುದಿದ್ದೀತು? ಬಸವ ಬಂದ. ಎಲೆ ತಂದ. ಆನೆ ಎಲೆ ತಿಂದಿತು. ಹೀಗೆ ಕಥೆ ಸಾಗುತ್ತಿತ್ತು. ‘ಹುಲ್ಲು’ ಒತ್ತಿನ ಶಬ್ದವಾದುದರಿಂದ ಜಿಂಕೆಗೆ ಗರಿಕೆ ಹಾಕಿದೆನು. ಕರಡಿಗೆ ಜೇನು, ಗಿಳಿಗೆ ಕಾಳು. ಕೊನೆಯ ಪುಟದಲ್ಲಿ ಎಲ್ಲರಿಗೂ ಉಣಿಸಿ ತಾನು ಹಸಿದು ಕುಳಿತ ಬಸವನಿಗೆ ಕೋತಿಯು ಒಂದು ಬಾಳೆಯ ಹಣ್ಣು ಕೊಡಬೇಕಾಗಿತ್ತು. ‘ಹಣ್ಣು’ ಬರುವಂತಿಲ್ಲ, ‘ಕೊಟ್ಟಿತು’ ಬರುವಂತಿಲ್ಲ. ಆ ಒಂದು ಸಾಲಿಗಾಗಿ ಒಂದು ರಾತ್ರಿಯನ್ನೇ ಕಳೆದು, ಬೆಳಗಿನ ಜಾವಕ್ಕೆ ‘ಬಸವನಿಗಾಗಿ ಕೋತಿ ಬಾಳೆ ತಂದಿತು’ ಎಂದು ಬರೆದು ಮಲಗಿದೆನು. ಉಳಿದ ತೊಡಕು ಹುಲಿಯದು. ಮಠದ ಶಾಲೆಯ ಪುಸ್ತಕದಲ್ಲಿ ಹುಲಿಗೆ ಏನನ್ನು ಉಣಿಸುವುದು? ಹಾಲು ಕುಡಿಸಿದರೆ ಸುಳ್ಳಾಗುತ್ತದೆ. ಬಹಳ ಯೋಚಿಸಿ ‘ಹುಲಿ ಮಲಗಿತು’ ಎಂದು ಬರೆದೆನು. ಮೊಸಳೆಯೂ ಅದೇ ಕಾರಣಕ್ಕಾಗಿ ಬರಿದೆ ಬಾಯಿ ತೆರೆಯಿತು. ಎಲ್ಲ ಮುಗಿದ ಮೇಲೆ ನೋಡಿದರೆ ಶಿರೋನಾಮೆಯಲ್ಲಿಯೇ ‘ಮೃ’ ಎಂಬ ಕಠಿನ ಅಕ್ಷರ ಕುಳಿತಿತ್ತು. ಅದನ್ನು ಹೊಡೆದು ಹಾಕಿ ‘ಬಸವ ಬಂದ’ ಎಂದಷ್ಟೇ ಇಟ್ಟೆನು.

ನಮ್ಮ ಚಿತ್ರಕಲಾ ಶಿಕ್ಷಕರು ಸ್ಟೆನ್ಸಿಲ್ಲಿನ ಮೇಲೆ ಚಿತ್ರಗಳನ್ನು ಗೀಚಿಕೊಟ್ಟರು. ಅವರೂ ಜಿರಾಫೆಯನ್ನು ಕಂಡವರಲ್ಲ. ಅದು ಒಂಟೆಯ ಅಣ್ಣನಂತೆ ಮೂಡಿಬಂದಿತು. ಪ್ರೌಢಶಾಲೆಯ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿಗಳನ್ನು ತೆಗೆದೆವು. ಪೇಟೆಯ ಜವಳಿ ವ್ಯಾಪಾರಿಗಳೊಬ್ಬರು ತಮ್ಮ ಅಂಗಡಿಯ ರಟ್ಟಿನ ಪೆಟ್ಟಿಗೆಗಳನ್ನು ಹೊದಿಕೆಗಾಗಿ ಕಳುಹಿಸಿಕೊಟ್ಟರು. ತಮ್ಮ ಹೆಸರನ್ನು ಎಲ್ಲಿಯೂ ಹೇಳಬಾರದೆಂದು ಅವರು ಕಟ್ಟುಮಾಡಿದ್ದರಿಂದ ಇಂದಿಗೂ ಹೇಳುತ್ತಿಲ್ಲ.

ಮಕ್ಕಳಿಗೆ ಪುಸ್ತಕ ಬಹಳ ಹಿಡಿಸಿತು. ನಾನು ಓದಿ ಹೇಳುವುದು, ಅವರು ಒಕ್ಕೊರಲಿನಿಂದ ಹೇಳುವುದು. ಹದಿನೈದು ದಿನಗಳಲ್ಲಿ ಇಡೀ ವರ್ಗ ಗಡಗಡನೆ ಓದತೊಡಗಿತು. ಒಂದೇ ಕೊರತೆಯೆಂದರೆ ಉಚ್ಚಾರ. ನಮ್ಮ ಭಾಗದ ಆಡುಮಾತಿನಲ್ಲಿ ಶಬ್ದದ ಕೊನೆಯ ಎಕಾರವು ಇಕಾರವಾಗುತ್ತದೆಂಬುದನ್ನು ಓದುಗರು ಬಲ್ಲರು. ಆನೆ ಆನಿಯಾಗುತ್ತದೆ, ಎಲೆ ಎಲಿಯಾಗುತ್ತದೆ, ಮೊಸಳೆ ಮೊಸಳಿಯಾಗುತ್ತದೆ. ಶಾಲೆಗೆ ಬಂದ ಮೇಲೆ ಶುದ್ಧ ಕನ್ನಡ ಬರಬೇಕೆಂಬುದು ಆಗ ನನ್ನ ಹಟ. ಹೆಚ್ಚಿನವರು ತಿದ್ದಿಕೊಂಡರು. ಕೊನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ತಿದ್ದಿಕೊಳ್ಳಲಿಲ್ಲ. ಕುರಿ ಕಾಯುವ ಮನೆತನದ ಮಗು. ಒಂದೊಂದು ಶಬ್ದಕ್ಕೂ ನಿಂತು, ಬೆರಳಿಟ್ಟು, ತಡೆದು ತಡೆದು ‘ಆನಿ’ ಎನ್ನುತ್ತಿದ್ದಳು. ‘ಆನೆ’ ಎನ್ನು ಎಂದರೆ ಪುನಃ ನೋಡಿ ‘ಆನಿ’ ಎನ್ನುತ್ತಿದ್ದಳು. ಒಂದು ದಿನ ಸಿಟ್ಟಿನ ಭರದಲ್ಲಿ ಎಲ್ಲರೆದುರು ಆಕೆಯ ಕಿವಿ ಹಿಂಡಿ, ಮುಂದಿನ ಸಾಲಿನ ಒಬ್ಬ ಹುಡುಗನನ್ನು ಎಬ್ಬಿಸಿ, ಹೀಗೆ ಓದಬೇಕು ನೋಡು ಎಂದೆನು. ಆ ಹುಡುಗನದು ಗಂಟೆಯಂತಹ ಕಂಠ. ಒಂದು ಎಕಾರವೂ ಜಾರುತ್ತಿರಲಿಲ್ಲ. ಮಾರನೆಯ ದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ. ಗ್ಯಾದರಿಂಗಿನ ಸಿದ್ಧತೆಯ ಗಡಿಬಿಡಿಯಲ್ಲಿ ನಾನದನ್ನು ಮನಸ್ಸಿಗೆ ಹಚ್ಚಿಕೊಳ್ಳಲೂ ಇಲ್ಲ.

1984ರ ಫೆಬ್ರವರಿಯಲ್ಲಿ ನಡೆದ ಆ ಗ್ಯಾದರಿಂಗಿನಲ್ಲಿ ಅದೇ ಹುಡುಗನನ್ನು ವೇದಿಕೆಯ ಮೇಲೆ ನಿಲ್ಲಿಸಿದೆನು. ಲಿಂಗೈಕ್ಯ ಪೂಜ್ಯರು ಅಧ್ಯಕ್ಷತೆ ವಹಿಸಿದ್ದರು. ಪಾಲಕರು, ದಾನಿಗಳು, ಊರ ಹಿರಿಯರು ನೆರೆದಿದ್ದರು. ಹುಡುಗನು ಪುಸ್ತಕವನ್ನು ಎರಡೂ ಕೈಗಳಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಎಡವದೆ ಓದಿದನು. ಚಪ್ಪಾಳೆಯ ಸುರಿಮಳೆಯಾಯಿತು. ಪೂಜ್ಯರು ಆತನನ್ನು ಹತ್ತಿರಕ್ಕೆ ಕರೆದು, ಪುಸ್ತಕವನ್ನು ನಡುವೆ ತೆರೆದು, ಆನೆಯ ಚಿತ್ರದ ಕೆಳಗಿನ ಒಂದು ಶಬ್ದದ ಮೇಲೆ ಬೆರಳಿಟ್ಟು, ‘ಇದೇನಪ್ಪಾ?’ ಎಂದು ಕೇಳಿದರು. ಬೆರಳು ‘ಎಲೆ’ಯ ಮೇಲಿತ್ತು. ಹುಡುಗ ಚಿತ್ರವನ್ನು ನೋಡಿ ‘ಆನೆ’ ಎಂದನು. ಬೆರಳು ‘ಬಸವ’ಕ್ಕೆ ಸರಿಯಿತು. ಹುಡುಗ ಮತ್ತಷ್ಟು ಗಟ್ಟಿಯಾಗಿ ‘ಆನೆ ಎಲೆ ತಿಂದಿತು’ ಎಂದನು. ಪೂಜ್ಯರು ನಕ್ಕು ಆತನ ಕೈಗೆ ಕಲ್ಲುಸಕ್ಕರೆ ಕೊಟ್ಟು ಕಳುಹಿಸಿದರು. ಸಭಿಕರಾರಿಗೂ ಏನೂ ತಿಳಿಯಲಿಲ್ಲ. ಸಮಾರಂಭ ಮುಗಿದ ಮೇಲೆ ಪಾದಕ್ಕೆರಗಿದಾಗ ನನಗೆ ಮಾತ್ರ ಕೇಳುವಂತೆ, ‘ಮಾಸ್ತರ, ಹುಡುಗನ ಬಾಯಿ ಚಲೋ ಐತಿ. ಕಣ್ಣು ಇನ್ನೂ ಪುಸ್ತಕಕ್ಕ ಬಂದಿಲ್ಲ’ ಎಂದರು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಮರುದಿನ ಚಿತ್ರಗಳ ಮೇಲೆ ರಟ್ಟಿನ ತುಂಡಿಟ್ಟು, ಪುಟಗಳನ್ನು ಹಿಂದುಮುಂದು ಮಾಡಿ, ಒಬ್ಬೊಬ್ಬರನ್ನಾಗಿ ಕರೆದು ಓದಿಸಿದೆನು. ಹಲಗೆಯ ಮೇಲೆ ‘ಹುಲಿ’ಯ ಪಕ್ಕದಲ್ಲಿ ‘ಇಲಿ’ ಎಂದು ಬರೆದು ಕೇಳಿದೆನು. ವರ್ಗದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಓದುತ್ತಿರಲಿಲ್ಲ, ನನ್ನ ಧ್ವನಿಯನ್ನೇ ನನಗೆ ಹಿಂದಿರುಗಿಸುತ್ತಿದ್ದರು. ಶುದ್ಧವಾದ ‘ಆನೆ’ ಬಂದದ್ದು ಅಕ್ಷರದಿಂದಲ್ಲ, ನನ್ನ ಬಾಯಿಂದ. ಹಾಗಾದರೆ ‘ಆನಿ’ ಎಲ್ಲಿಂದ ಬಂದಿತು ಎಂಬ ಪ್ರಶ್ನೆ ಆಗ ಹುಟ್ಟಿತು. ನಾನು ಅದನ್ನೆಂದೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಪುಸ್ತಕವನ್ನು ಹಿಡಿದುಕೊಂಡು ಆ ಹುಡುಗಿಯ ಮನೆಗೆ ಹೋದೆನು. ಊರ ಹೊರಗಿನ ಹಟ್ಟಿ. ತಂದೆತಾಯಿಗಳು ಕುರಿಯ ಹಿಂದೆ ಹೋಗಿದ್ದರು. ಅಜ್ಜಿ ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಹುಡುಗಿ ಅಜ್ಜಿಯ ಬೆನ್ನಿಗೆ ಅಡಗಿದಳು. ‘ಬರ್ರಿ ಗುರುಗಳ, ಹುಡುಗಿ ಏನರ ತಪ್ಪ ಮಾಡೈತೇನ್ರಿ?’ ಎಂದು ಅಜ್ಜಿ ಕೇಳಿದಳು. ‘ತಪ್ಪು ನನ್ನದವ್ವಾ’ ಎಂದು ಕಟ್ಟೆಯ ಮೇಲೆ ಕುಳಿತುಕೊಂಡೆನು. ಬಹಳ ಹೊತ್ತಿನ ಮೇಲೆ ಹುಡುಗಿ ಹೊರಗೆ ಬಂದಳು. ಪುಸ್ತಕವನ್ನು ಕೊನೆಯ ಪುಟದಿಂದ ತೆರೆದು, ಚಿತ್ರವನ್ನು ಅಂಗೈಯಿಂದ ಮುಚ್ಚಿ, ನಿಮ್ಮ ಆಯಿಗೆ ಓದಿ ಹೇಳು ಎಂದೆನು. ಬೆರಳಿಟ್ಟು ನಿಧಾನವಾಗಿ ಓದಿದಳು: ‘ಬಸವಗ ಮಂಗ್ಯಾ ಬಾಳಿ ತಂತು.’ ಪುಟ ತಿರುವಿದೆನು. ‘ಮೊಸಳಿ ಬಾಯಿ ತಗೀತು.’ ಮತ್ತೊಂದು. ‘ಆನಿ ಎಲಿ ತಿಂತು.’ ‘ಎಲೆ’ಯ ಮೇಲೆ ಬೆರಳಿಟ್ಟರೆ ಎಲಿ ಎಂದಳು, ‘ಬಸವ’ದ ಮೇಲಿಟ್ಟರೆ ಬಸವ ಎಂದಳು. ಪುಸ್ತಕದ ಕನ್ನಡವನ್ನು ಕಣ್ಣಿನಿಂದ ತೆಗೆದುಕೊಂಡು, ಅರ್ಥ ಮಾಡಿಕೊಂಡು, ಅಜ್ಜಿಯ ಕನ್ನಡದಲ್ಲಿ ಹೇಳುತ್ತಿದ್ದಳು. ಇಡೀ ವರ್ಗದಲ್ಲಿ ನಿಜವಾಗಿ ಓದಬಲ್ಲವರು ಕೆಲವರೇ. ಅವರಲ್ಲಿ ಎಲ್ಲರಿಗಿಂತ ಮುಂದಿದ್ದವಳ ಕಿವಿಯನ್ನೇ ನಾನು ಹಿಂಡಿದ್ದೆನು.

‘ಹುಲಿ ಮಲಗಿತು’ ಎಂದು ಓದಿದಾಗ ಅಜ್ಜಿ ಸೂಜಿ ನಿಲ್ಲಿಸಿ, ‘ಎಲ್ಲಾರಿಗೂ ಹಾಕಿ ಹುಲಿಗೆ ಏನೂ ಹಾಕಲಿಲ್ಲೇನ್ರಿ? ಉಪವಾಸ ಮಲಗಿತೇನ ಅದು?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು. ‘ಗುರುಗಳ, ಇದರಾಗ ತ್ವಾಳ ಯಾಕಿಲ್ಲರೀ?’ ಎಂದಳು. ಕುರಿಯ ಹಟ್ಟಿಯ ಮಗುವಿಗೆ ಗೊತ್ತಿದ್ದ ಕಾಡುಪ್ರಾಣಿ ಅದೊಂದೇ. ‘ತೋಳ’ ಎಂಬುದರಲ್ಲಿ ಒತ್ತೂ ಇಲ್ಲ! ನನಗೆ ಹೊಳೆದಿರಲೇ ಇಲ್ಲ. ಆಕೆಯ ಬಾಯಲ್ಲಿ ಮಾತ್ರ ಅದಕ್ಕೆ ಒತ್ತಿತ್ತು. ಮುಂದಿನ ವರ್ಷದ ಪ್ರತಿಗಳಲ್ಲಿ ತೋಳವು ಬಂದಿತು.

ಹುಡುಗಿ ಸೋಮವಾರದಿಂದ ಶಾಲೆಗೆ ಬಂದಳು. ಮೊದಲ ಓದಿನಲ್ಲಿ ಉಚ್ಚಾರವನ್ನು ತಿದ್ದುವುದನ್ನು ನಾನು ಅಂದಿಗೇ ಬಿಟ್ಟೆನು. ಬರೆಯುವಾಗ ‘ಆನೆ’ ಎಂದೇ ಬರೆಯಬೇಕು. ಓದುವಾಗ ‘ಆನಿ’ ಎಂದರೆ ಚಿಂತೆಯಿಲ್ಲ, ಮೂರನೆಯ ಇಯತ್ತೆಯ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತದೆ. ಪರಿವೀಕ್ಷಣೆಗೆ ಬಂದವರು ಒಬ್ಬಿಬ್ಬರು ಇದಕ್ಕೆ ಆಕ್ಷೇಪಿಸಿದ್ದುಂಟು. ಕಂಠದ ಹುಡುಗನಿಗೆ ಓದು ಬರಲು ಮತ್ತೆ ಎರಡು ತಿಂಗಳು ಹಿಡಿಯಿತು. ಚಿತ್ರವಿಲ್ಲದ ಚೀಟಿಯನ್ನು ಕಂಡರೆ ಅಳುತ್ತಿದ್ದನು. ಚಪ್ಪಾಳೆ ಪಡೆದವನಿಗೆ ಪುನಃ ‘ಸರ’ದಿಂದ ತೊಡಗುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯಿತು. ಆ ಕಷ್ಟಕ್ಕೂ ನಾನೇ ಕಾರಣನು. ಆತನೀಗ ನಮ್ಮ ಹಳೆಯ ವಿದ್ಯಾರ್ಥಿಗಳ ಬಳಗದಲ್ಲಿದ್ದಾನೆ. ಈ ಪುಟವನ್ನು ಓದಿ ತನ್ನನ್ನು ಗುರುತಿಸಿಕೊಂಡಾನು. ವೇದಿಕೆಯ ಮೇಲೆ ನಡೆದುದರ ಅರ್ಥವನ್ನು ಆತನಿಗೆ ನಾನೆಂದೂ ಹೇಳಿರಲಿಲ್ಲ, ಕ್ಷಮಿಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ನಲಿ-ಕಲಿ ಪದ್ಧತಿ ಆರಂಭವಾಗಿ, ಅದರಲ್ಲಿ ಅ ಆ ಇ ಈ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ತೊಡಗುತ್ತಾರೆಂದು ಕೇಳಿದಾಗ ಆ ‘ಸರ’ವೇ ನನಗೆ ನೆನಪಾಯಿತು.

ಆ ತಂಡ ಏಳನೆಯ ಇಯತ್ತೆಗೆ ಬಂದಾಗ, 1989ರ ಡಿಸೆಂಬರಿನಲ್ಲಿ, ಮಕ್ಕಳನ್ನು ಮೈಸೂರಿಗೆ ಪ್ರವಾಸ ಕರೆದೊಯ್ದೆವು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಮುಖ ತೊಳೆದವರೇ ನೇರವಾಗಿ ಶ್ರೀ ಚಾಮರಾಜೇಂದ್ರ ಮೃಗಾಲಯದ ಬಾಗಿಲಿಗೆ ಬಂದೆವು. 1892ರಲ್ಲಿ ಅರಸರು ಸ್ಥಾಪಿಸಿದ ಮೃಗಾಲಯವೆಂದು ನಾನು ಮಕ್ಕಳಿಗೆ ವಿವರಿಸುತ್ತ ನಿಂತಿದ್ದಾಗ ಹಿಂದಿನಿಂದ ಒಂದು ಧ್ವನಿ ಬಂದಿತು: ‘ಗುರುಗಳ, ಮಂಗಳವಾರ ರಜಾ ಅಂತ ಬರದಾರ್ರೀ.’ ಅಂದು ಮಂಗಳವಾರ. ಫಲಕ ನನ್ನ ತಲೆಯ ಮೇಲೆಯೇ ಇತ್ತು. ಓದಿದವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಬುಧವಾರ ಮತ್ತೆ ಹೋದೆವು. ಜಿರಾಫೆಯನ್ನು ಕಂಡು, ನಮ್ಮ ಚಿತ್ರಕಲಾ ಶಿಕ್ಷಕರು ಒಂಟೆಗೆ ಎಷ್ಟು ಅನ್ಯಾಯ ಮಾಡಿದ್ದರೆಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ಹುಲಿಯು ನೆರಳಿನಲ್ಲಿ ಮಲಗಿತ್ತು. ಹುಡುಗಿ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತು, ‘ಇದಕ್ಕ ಉಣ್ಣಾಕ ಹಾಕ್ಯಾರೇನ್ರೀ, ಗುರುಗಳ?’ ಎಂದಳು. ಅನೇಕ ಮೃಗಾಲಯಗಳಲ್ಲಿ ಹುಲಿ ಸಿಂಹಗಳನ್ನು ಅವುಗಳ ಆರೋಗ್ಯಕ್ಕಾಗಿಯೇ ವಾರಕ್ಕೊಂದು ದಿನ ಉಪವಾಸವಿಡುವ ರೂಢಿ ಇದೆಯೆಂಬುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದೆನು. ಹಟ್ಟಿಯ ಕಟ್ಟೆಯ ಮೇಲೆ ಕುಳಿತು ಅಜ್ಜಿಗೆ ಹೇಳಬಹುದಾಗಿದ್ದ ಉತ್ತರ ಅದು. ಅಷ್ಟರಲ್ಲಿ ಅಜ್ಜಿ ಇರಲಿಲ್ಲ.