ಹಸಿರು ಚೀಟಿ ಮತ್ತು ಸೋದರಳಿಯ

2012ರ ಆಗಸ್ಟ್‌ನಲ್ಲಿ ಆಲ್ಪ್ಸ್ ಪರ್ವತಶ್ರೇಣಿಯ ಮಾಂಟ್ ಬ್ಲಾಂಕ್‌ನ ಹಿಮನದಿಯ ಮೇಲೆ ಒಂದು ಸೆಣಬಿನ ಚೀಲ ಸಿಕ್ಕಿತು. ಮೇಲೆ ಭಾರತದ ವಿದೇಶಾಂಗ ಇಲಾಖೆಯ ಹೆಸರಿತ್ತು. 1966ರ ಜನವರಿ 24ರಂದು ಅಲ್ಲೇ ಅಪ್ಪಳಿಸಿದ ಏರ್ ಇಂಡಿಯಾದ ‘ಕಾಂಚನಜುಂಗಾ’ ವಿಮಾನದ ರಾಜತಾಂತ್ರಿಕ ಟಪಾಲು ಅದು. ಒಂದು ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿದ್ದ ಹೋಮಿ ಭಾಭಾ ತೀರಿಕೊಂಡದ್ದೂ ಅದೇ ಅಪಘಾತದಲ್ಲಿ. ಚೀಲದೊಳಗಿದ್ದದ್ದು ಹಳೆಯ ಪತ್ರಿಕೆಗಳು, ಕ್ಯಾಲೆಂಡರುಗಳು. ನಲವತ್ತಾರು ವರ್ಷ ತಡವಾಗಿ ಅದು ಭಾರತದ ರಾಯಭಾರ ಕಚೇರಿಯ ಕೈಸೇರಿತು.

ಈ ಸಂಗತಿಯನ್ನು ಮೈಸೂರಿನ ನಿವೃತ್ತ ಗಣಿತ ಮೇಷ್ಟ್ರೊಬ್ಬರು ತಮ್ಮ ಹೆಂಡತಿಗೆ ಹೇಳಿದ್ದು ಸಮಾಧಾನಕ್ಕಾಗಿ. ಇಂಗ್ಲೆಂಡಿನಿಂದ ಸೋದರಳಿಯ ಕಳಿಸಿದ ಪೊಟ್ಟಣ ಇನ್ನೂ ಬಂದಿರಲಿಲ್ಲ. “ಅದು ಹಿಮದಲ್ಲಿ ಬಿದ್ದಿತ್ತು ಅಂತ ಒಂದು ಕಾರಣವಾದ್ರೂ ಇತ್ತಲ್ಲ ರೀ. ನಮ್ಮದಕ್ಕೇನಾಗಿದೆ?” ಎಂದರು ಅವರು, ಬಟಾಣಿ ಸುಲಿಯುತ್ತಾ. ಆ ಮೇಷ್ಟ್ರೇ ಈ ಲೇಖನ ಬರೆದವರು. ತನ್ನನ್ನು ತಾನೇ ಬಹುವಚನದಲ್ಲಿ ಕರೆದುಕೊಳ್ಳುವುದು ಚೆಂದವಲ್ಲ, ನಿಜ. ಆದರೆ ಮೇಷ್ಟ್ರು ಎಂದ ಮೇಲೆ ಏಕವಚನ ನಾಲಿಗೆಗೆ ಒಗ್ಗುವುದಿಲ್ಲ.

ಪೊಟ್ಟಣದಲ್ಲಿದ್ದದ್ದು ಗಣಿತ ವಿನೋದದ ಹಳೆಯ ಪುಸ್ತಕ, ಅತ್ತೆಗೊಂದು ಸ್ವೆಟರ್, ಒಂದಷ್ಟು ಚಾಕೊಲೇಟ್. ಅಳಿಯ ಅದರ ಟ್ರ್ಯಾಕಿಂಗ್ ನಂಬರನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಕ್ಷಣದಿಂದ ಮೇಷ್ಟ್ರ ನೆಮ್ಮದಿ ಹೋಯಿತು. ಹಿಂದೆ ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ಬಾರದ ಪುಸ್ತಕಗಳಿಗಾಗಿ ಅವರು ಒಂದು ರಾತ್ರಿಯೂ ನಿದ್ದೆಗೆಟ್ಟವರಲ್ಲ. ಬಂದಾಗ ಬಂತು, ಅಷ್ಟೆ. ಈಗ ಹಾಗಲ್ಲ. ಪೊಟ್ಟಣ ಲಂಡನ್ನಿನಿಂದ ಹೊರಟಿತು, ವಿಮಾನ ಹತ್ತಿತು, ಇಂಡಿಯಾದಲ್ಲಿ ಇಳಿಯಿತು ಎಂದು ಫೋನು ಹೇಳುತ್ತದೆ. ಆಮೇಲೆ ‘ಕಸ್ಟಮ್ಸ್ ವಶದಲ್ಲಿದೆ’ ಎಂಬಲ್ಲಿಗೆ ಬಂದು ಮೌನ. ಸಾಗರ ದಾಟುವುದು ಸಲೀಸು, ಮನೆಯ ಹತ್ತಿರದ ಮೇಜು ದಾಟುವುದೇ ಕಷ್ಟ.

ಸುಮ್ಮನೆ ಕೂರಲಾರದೆ ಮೇಷ್ಟ್ರು ಆ ನಂಬರನ್ನೇ ಲೆಕ್ಕ ಹಾಕಲು ಕೂತರು. ಹದಿಮೂರು ಅಕ್ಷರ-ಅಂಕಿಗಳ ಈ ಗುರುತು ಎಲ್ಲ ದೇಶಗಳಿಗೂ ಒಂದೇ ಮಾದರಿಯದು. ಮೊದಲ ಎರಡು ಅಕ್ಷರ ಅಂಚೆಯ ಬಗೆ ಹೇಳುತ್ತವೆ, ಕೊನೆಯ ಎರಡು ಹೊರಟ ದೇಶವನ್ನು: ಬ್ರಿಟನ್ನಿಗೆ ‘ಜಿಬಿ’, ನಮಗೆ ‘ಐಎನ್’. ನಡುವಿನ ಒಂಬತ್ತು ಅಂಕಿಗಳಲ್ಲಿ ಒಂಬತ್ತನೆಯದು ಕಾವಲುಗಾರ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿ, ಉಳಿದ ಶೇಷವನ್ನು 11ರಿಂದ ಕಳೆಯಬೇಕು. ಬಂದ ಉತ್ತರವೇ ಒಂಬತ್ತನೆಯ ಅಂಕಿ (10 ಬಂದರೆ ಸೊನ್ನೆ, 11 ಬಂದರೆ 5). ಗುಮಾಸ್ತನ ಬೆರಳು ತಪ್ಪಿ ಒಂದಂಕಿ ಬದಲಾದರೂ ಕಂಪ್ಯೂಟರು ಸಾಮಾನ್ಯವಾಗಿ ಹಿಡಿದುಬಿಡುತ್ತದೆ. ಮೇಷ್ಟ್ರು ಹಳೆಯ ಲಕೋಟೆಯ ಹಿಂಬದಿಯಲ್ಲಿ ಮಾಡಿ ನೋಡಿದರು. ಲೆಕ್ಕ ಸರಿಯಾಗಿಯೇ ಇತ್ತು. ಪೊಟ್ಟಣ ಮಾತ್ರ ಇರಲಿಲ್ಲ.

ಇಷ್ಟೊಂದು ದೇಶಗಳು ಒಂದೇ ಲೆಕ್ಕ ಒಪ್ಪಿಕೊಂಡದ್ದೇ ದೊಡ್ಡ ವಿಷಯ. 1874ಕ್ಕೆ ಮುಂಚೆ ಪ್ರತಿ ದೇಶವೂ ಪ್ರತಿ ದೇಶದೊಂದಿಗೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಕಾಗದ ಹೋಗುವ ದಾರಿ ಬದಲಾದರೆ ದರವೂ ಬದಲು. ಜರ್ಮನಿಯ ಅಂಚೆ ಮುಖ್ಯಸ್ಥ ಹೈನ್ರಿಕ್ ಫಾನ್ ಸ್ಟೆಫಾನ್ ಪಟ್ಟುಹಿಡಿದು ಮಾಡಿದ ಪ್ರಯತ್ನದಿಂದ ಆ ವರ್ಷದ ಅಕ್ಟೋಬರ್ 9ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸಹಿ ಹಾಕಿದವು. ಜಾಗತಿಕ ಅಂಚೆ ಒಕ್ಕೂಟ ಹುಟ್ಟಿದ್ದು ಹಾಗೆ. ಭಾರತ ಸೇರಿದ್ದು 1876ರಲ್ಲಿ. ಮೈಸೂರು ಸಂಸ್ಥಾನಕ್ಕೆ ಆಗ ಇನ್ನೂ ತನ್ನದೇ ಅಂಚೆಯಿತ್ತು. ಅದು ಬ್ರಿಟಿಷರ ಅಂಚೆಯಲ್ಲಿ ಸೇರಿಹೋದದ್ದು 1889ರಲ್ಲಿ. ಪಾರ್ಸಲ್‌ಗಳಿಗೆಂದೇ ಬೇರೆ ಒಪ್ಪಂದವಾದದ್ದು 1880ರಲ್ಲಿ, ಪ್ಯಾರಿಸ್‌ನಲ್ಲಿ.

ಅಂಚೆ ಒಕ್ಕೂಟದ ಹಳೆಯ ಹಣಕಾಸು ನಮ್ಮ ಮದುವೆಮನೆಯ ಮುಯ್ಯಿಯ ಹಾಗಿತ್ತು. ನಿಮ್ಮ ಕಾಗದವನ್ನು ನಾವು ಬಿಟ್ಟಿಯಾಗಿ ಹಂಚುತ್ತೇವೆ, ನಮ್ಮದನ್ನು ನೀವು ಹಂಚಿ. ಒಂದು ಕಾಗದಕ್ಕೆ ಒಂದು ಉತ್ತರ ಬಂದೇ ಬರುತ್ತದಲ್ಲ, ಸರಿಹೋಗುತ್ತದೆ. ಬರುವ ಟಪಾಲೇ ಹೆಚ್ಚಾಗಿದ್ದ ದೇಶಗಳು ಗೊಣಗತೊಡಗಿದ ಮೇಲೆ 1969ರಲ್ಲಿ, ಹಂಚುವ ದೇಶಕ್ಕೆ ಕಳಿಸುವ ದೇಶ ಹಣ ಕೊಡುವ ಪದ್ಧತಿ ಬಂತು. ಎರಡು ಕಿಲೋವರೆಗಿನ ಸಣ್ಣ ಪೊಟ್ಟಣವನ್ನೂ ಕಾಗದದ ಲೆಕ್ಕದಲ್ಲೇ ಸೇರಿಸಿದ್ದರಿಂದ ಮುಂದೆ ಇನ್ನೊಂದು ಜಗಳ. ಆನ್‌ಲೈನ್ ಅಂಗಡಿಗಳ ಕಾಲದಲ್ಲಿ ಚೀನಾದ ಪೊಟ್ಟಣಗಳನ್ನು ನಷ್ಟದಲ್ಲಿ ಹಂಚುತ್ತಿದ್ದೇವೆಂದು ಅಮೆರಿಕ 2018ರಲ್ಲಿ ಒಕ್ಕೂಟವನ್ನೇ ಬಿಡುತ್ತೇನೆಂದಿತು. 2019ರ ಸೆಪ್ಟೆಂಬರ್‌ನಲ್ಲಿ ಜಿನೀವಾದಲ್ಲಿ ರಾಜಿಯಾಯಿತು.

ಇನ್ನು ಆ ಹಸಿರು ಚೀಟಿ. ಹೊರದೇಶದ ಪೊಟ್ಟಣದ ಮೇಲೆ ಅಂಟಿಸುವ ಈ ಕಸ್ಟಮ್ಸ್ ಚೀಟಿಗೆ ಸಿಎನ್ 22 ಎಂದು ಹೆಸರು. ದೊಡ್ಡ ಬೆಲೆಯದಕ್ಕೆ ಸಿಎನ್ 23. ಒಳಗೇನಿದೆ, ತೂಕವೆಷ್ಟು, ಬೆಲೆಯೆಷ್ಟು ಎಂದು ಬರೆಯಬೇಕು. ಜೊತೆಗೆ ಒಂದು ಪುಟ್ಟ ಚೌಕ: ‘ಗಿಫ್ಟ್’. ಸೋದರಳಿಯ ಅದರಲ್ಲಿ ಪ್ರೀತಿಯಿಂದ ಟಿಕ್ ಹಾಕಿದ್ದ. ಮಾವನಿಗೆ ಕಳಿಸುವುದು ಉಡುಗೊರೆಯಲ್ಲದೆ ಇನ್ನೇನು? ಆದರೆ 2019ರ ಡಿಸೆಂಬರ್ 12ರ ಕೇಂದ್ರ ಸರ್ಕಾರದ ಆದೇಶದ ಪ್ರಕಾರ, ಅಂಚೆ ಅಥವಾ ಕೊರಿಯರ್‌ನಲ್ಲಿ ಬಂದ ವಸ್ತುವನ್ನು ಉಡುಗೊರೆಯೆಂದು ಸುಂಕವಿಲ್ಲದೆ ಬಿಡಿಸಿಕೊಳ್ಳುವಂತಿಲ್ಲ. ಅದಕ್ಕೆ ಮುಂಚೆ ಒಂದು ಮಿತಿಯೊಳಗಿನ ಉಡುಗೊರೆಗೆ ಸುಂಕವಿರಲಿಲ್ಲ. ಆ ದಾರಿಯಲ್ಲಿ ವಿದೇಶಿ ಆನ್‌ಲೈನ್ ಅಂಗಡಿಗಳು ಮಾರಿದ ಸಾಮಾನನ್ನೂ ‘ಗಿಫ್ಟ್’ ಎಂದು ತೂರಿಸತೊಡಗಿದವು. ಬಾಗಿಲು ಮುಚ್ಚಿದ್ದು ಅದಕ್ಕೇ. ಕಿಲಾಡಿ ವ್ಯಾಪಾರಿಗಳ ಜೊತೆಗೆ ಅತ್ತೆಯ ಸ್ವೆಟರೂ ಸಿಕ್ಕಿಕೊಂಡಿತು.

ವಿನಾಯಿತಿ ಎರಡಕ್ಕೆ ಮಾತ್ರ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಜೊತೆ ಬರುವ ಉಡುಗೊರೆಗೆ ವಿನಾಯಿತಿಯಿಲ್ಲ ಎಂದು ಆದೇಶದಲ್ಲೇ ಬರೆದಿದೆ. ತಂಗಿ ಕಟ್ಟುವ ದಾರ ಗಡಿ ದಾಟಬಹುದು, ಅದರ ಪಕ್ಕದಲ್ಲಿಟ್ಟ ಮಿಠಾಯಿ ಡಬ್ಬಿ ಸುಂಕವಿಲ್ಲದೆ ದಾಟಕೂಡದು! ಇಷ್ಟು ಸೂಕ್ಷ್ಮವಾಗಿ ಯೋಚಿಸಿದ ಅಧಿಕಾರಿಯ ಮೇಲೆ ಮೇಷ್ಟ್ರಿಗೆ ಸಿಟ್ಟಿಗಿಂತ ಗೌರವವೇ ಹೆಚ್ಚು. ಪುಸ್ತಕವೂ ಪೂರ್ತಿ ಪಾರಾಗಿಲ್ಲ. 2019ರ ಬಜೆಟ್ಟು ಹೊರಗಿನಿಂದ ಬರುವ ಮುದ್ರಿತ ಪುಸ್ತಕಕ್ಕೆ ಶೇ. 5ರಷ್ಟು ಸುಂಕ ಹಾಕಿತು.

ಇದೆಲ್ಲ ನಮ್ಮ ದೇಶದ ಕಿರಿಕಿರಿ ಮಾತ್ರ ಎಂದುಕೊಳ್ಳುವವರು 2025ರ ಆಗಸ್ಟನ್ನು ನೆನೆಯಬೇಕು. 800 ಡಾಲರ್‌ವರೆಗಿನ ಸಾಮಾನಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕವನ್ನು ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿರಲಿಲ್ಲ. ವಿಮಾನ ಸಂಸ್ಥೆಗಳು ಚೀಲ ಹೊರಲು ಒಲ್ಲೆವೆಂದವು. ಭಾರತೀಯ ಅಂಚೆಯೂ ಸೇರಿ ಹಲವು ದೇಶಗಳ ಅಂಚೆಗಳು ಬುಕಿಂಗ್ ನಿಲ್ಲಿಸಿದವು. ಆಗಸ್ಟ್ 29ರಂದು ಅಮೆರಿಕಕ್ಕೆ ಹೋಗುವ ಅಂಚೆ ಹಿಂದಿನ ವಾರಕ್ಕಿಂತ ಶೇ. 81ರಷ್ಟು ಕುಸಿಯಿತೆಂದು ಒಕ್ಕೂಟವೇ ಹೇಳಿತು. ಮೇಷ್ಟ್ರ ಪಕ್ಕದ ಮನೆಯವರು ಬಾಣಂತಿ ಮಗಳಿಗೆಂದು ಕುಟ್ಟಿಟ್ಟ ಚಟ್ನಿಪುಡಿ, ಮೆಂತ್ಯದ ಹಿಟ್ಟು ಡಬ್ಬಿಯಲ್ಲೇ ಕೂತವು. “ನಾನೇನು ವ್ಯಾಪಾರ ಮಾಡ್ತಿದೀನಾ ಮೇಷ್ಟ್ರೇ?” ಎಂದು ಅವರು ಕೇಳಿದ್ದಕ್ಕೆ ಯಾವ ಗಣಿತದಲ್ಲೂ ಉತ್ತರವಿರಲಿಲ್ಲ. ಭಾರತೀಯ ಅಂಚೆ ಅಮೆರಿಕದ ಸೇವೆಯನ್ನು ಪೂರ್ತಿ ಮತ್ತೆ ತೆರೆದದ್ದು ಅಕ್ಟೋಬರ್ 15ರಂದು.

ಸೋದರಳಿಯನ ಪೊಟ್ಟಣ ಕೊನೆಗೂ ಬಂತು, ಗುರುತಿನ ಚೀಟಿ, ಬಿಲ್ಲು ಎಲ್ಲ ಕಳಿಸಿದ ಮೇಲೆ. “ಸಾರ್, ಫಾರಿನ್ ಪಾರ್ಸಲ್ಲು. ಡ್ಯೂಟಿ ಕಟ್ಬೇಕು, ಚಿಲ್ರೆ ಇದ್ರೆ ಒಳ್ಳೇದು” ಎಂದ ಪೋಸ್ಟ್‌ಮ್ಯಾನ್. ಸ್ವೆಟರು ಅಳತೆಗೆ ಸರಿಯಾಗಿತ್ತು. ಚಾಕೊಲೇಟು ಕರಗಿ ಮತ್ತೆ ಗಟ್ಟಿಯಾಗಿ ಹೊಸ ಆಕಾರ ಪಡೆದಿತ್ತು.

ಸುಂಕ ಹಾಕುವುದು ತಪ್ಪೇನಲ್ಲ. ಆದರೆ ಪೊಟ್ಟಣ ಏಕೆ ನಿಂತಿದೆ, ಯಾವ ಕಾಗದ ಕೊಟ್ಟರೆ ಹೊರಡುತ್ತದೆ ಎಂಬ ಎರಡು ಸಾಲು ಕನ್ನಡದಲ್ಲಿ ಫೋನಿಗೆ ಬಂದರೆ ಅರ್ಧ ತಾಪತ್ರಯ ಮುಗಿಯುತ್ತದೆ. ಅದು ಬರುವವರೆಗೆ ಓದುಗರು ಹೊರದೇಶದ ತಮ್ಮವರಿಗೆ ಇಷ್ಟು ಹೇಳಿಬಿಡಿ: ವಿಳಾಸದ ಜೊತೆ ಪಿನ್‌ಕೋಡೂ ಫೋನ್ ನಂಬರೂ ಇರಲಿ, ಒಳಗಿನ ಒಂದೊಂದು ಸಾಮಾನಿನ ಹೆಸರು, ನಿಜವಾದ ಬೆಲೆ ಬರೆಯಿರಿ, ಬಿಲ್ಲನ್ನು ಇಟ್ಟುಕೊಳ್ಳಿ, ಮತ್ತು ಎಷ್ಟೇ ಪ್ರೀತಿಯಿದ್ದರೂ ಸುಂಕ ಉಳಿಯುತ್ತದೆಂದು ಆ ‘ಗಿಫ್ಟ್’ ಚೌಕವನ್ನು ನಂಬಬೇಡಿ.