ಕೈಗೆ ಬರುವ ವಿದ್ಯೆ

ವಿದ್ಯೆಯೆಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಪುಸ್ತಕ. ಮೂವತ್ತು ವರ್ಷಕ್ಕೂ ಮಿಕ್ಕಿ ಶಬ್ದರೂಪ, ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನಾವು ಈ ಭಾವನೆಯನ್ನು ದೂಷಿಸಲಾರೆವು. ಆದರೂ ಬಾಯಿಗೆ ಬಾರದೆ ಕೈಗೆ ಮಾತ್ರ ಬರುವ ವಿದ್ಯೆಯೊಂದುಂಟು. ಅದನ್ನು ಕಲಿಯುವ ಬಗೆಯನ್ನು ಪ್ರಾಚ್ಯವಸ್ತು ಸಂಶೋಧಕರು ಶೋಧಿಸಿರುವರೆಂದು ಓದಿ ನಮಗೆ ಬಹು ಸಂತೋಷವಾಯಿತು.

ಸಿಂಧ್ ಪ್ರಾಂತದ ಚನ್ಹುದಾರೋ ಎಂಬಲ್ಲಿ 1935–36ರಲ್ಲಿ ಮೆಕೆ ಎಂಬ ವಿದ್ವಾಂಸರು ನೆಲವನ್ನು ಅಗೆಯಿಸಿದಾಗ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮಣಿಗಾರರ ಕಾರ್ಯಾಗಾರವು ದೊರೆಯಿತು. ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ನೀಳವಾದ ಮಣಿಗಳು ಅಲ್ಲಿ ಸಿಕ್ಕವು. ಅರ್ಧಕ್ಕೆ ನಿಂತವೂ ಇದ್ದವು. ಇಂತಹ ಮಣಿಗಳು ಸಮುದ್ರವನ್ನು ದಾಟಿ ಊರ್ ನಗರದ ರಾಜಸಮಾಧಿಗಳವರೆಗೆ ಹೋಗಿದ್ದುವು. ಅವನ್ನು ಮಾಡಿದವರನ್ನು ಈಗ ಕೇಳುವಂತಿಲ್ಲ. ಆದುದರಿಂದ ಅದೇ ಕಸುಬು ಉಳಿದು ಬಂದ ಗುಜರಾತಿನ ಖಂಭಾತಿಗೆ ಫ್ರಾನ್ಸಿನ ವಿದುಷಿಯರಾದ ವ್ಯಾಲೆಂಟೀನ್ ರೂ, ಬ್ಲಾಂಡೀನ್ ಬ್ರಿಲ್ ಮೊದಲಾದವರು ಬಂದರು.

ಅಲ್ಲಿಯ ಕುಶಲಿಯು ನೆಲದಲ್ಲಿ ನೆಟ್ಟ ಕಬ್ಬಿಣದ ಮೊನೆಗೆ ಕಲ್ಲನ್ನು ಒತ್ತಿ ಹಿಡಿದು, ಕೋಣದ ಕೊಂಬಿನ ಸುತ್ತಿಗೆಯಿಂದ ತಟ್ಟುತ್ತಾನೆ. ಮೊನೆ ತಾಗಿದ ಕಡೆ ಚಕ್ಕೆ ಏಳುತ್ತದೆ. ಸಾಧಾರಣವಾದ ಸಣ್ಣ ಮಣಿಗೇ ಎರಡು ಮೂರು ವರ್ಷಗಳ ಕಲಿಕೆ ಬೇಕು. ಉತ್ತಮವಾದ ದೊಡ್ಡ ಮಣಿಗೆ ಹತ್ತು ವರ್ಷಗಳವರೆಗೂ ಹಿಡಿಯುವುದು. ಸಂಶೋಧಕರು ಸುತ್ತಿಗೆಯ ವೇಗೋತ್ಕರ್ಷವನ್ನು ಯಂತ್ರದಿಂದ ಅಳೆದು, ಪರಿಚಯವಿಲ್ಲದ ಗಾಜನ್ನೂ ಕೈಗೆ ಕೊಟ್ಟು ನೋಡಿದರು. ನಿಪುಣರು ಪೆಟ್ಟನ್ನು ಗಾಜಿಗೆ ತಕ್ಕಂತೆ ಹದಗೊಳಿಸಿದರು. ಅಷ್ಟು ಪಳಗದವರಿಗೆ ಅದು ಸಾಧ್ಯವಾಗಲಿಲ್ಲ. 1995ರಲ್ಲಿ ಪ್ರಕಟವಾದ ಅವರ ಲೇಖನವನ್ನೂ ಸೇರಿಸಿ ಈ ವಿಚಾರಣೆಯ ಸಾರವಿಷ್ಟೆ: ಕೆಲಸದ ಕ್ರಮವನ್ನು ತಿಳಿದ ಮಾತ್ರಕ್ಕೆ ಮಣಿಯಾಗದು, ಪೆಟ್ಟಿನ ಹದವು ಕೈಗೆ ಒಗ್ಗಬೇಕು.

ಸುಶ್ರುತಸಂಹಿತೆಯನ್ನು ಓದಿದವರಿಗೆ ಇದು ಹೊಸತೆನಿಸದು. ಶಸ್ತ್ರವೈದ್ಯನಾಗುವವನು ಮೊದಲು ಸೋರೆ, ಸೌತೆ ಮುಂತಾದ ಕಾಯಿಗಳನ್ನು ಕೊಯ್ದು ಪಳಗಬೇಕೆಂದು ಅಲ್ಲಿ ವಿಧಿಸಿದೆ. ಈ ಅಭ್ಯಾಸಕ್ಕೆ ‘ಯೋಗ್ಯಾ’ ಎಂದು ಹೆಸರು. ಎಷ್ಟು ಶಾಸ್ತ್ರ ಬಲ್ಲವನಾದರೂ ಅದನ್ನು ಮಾಡದವನು ಕೆಲಸಕ್ಕೆ ಅಯೋಗ್ಯನೆಂದು ಆಚಾರ್ಯರ ಮತ.

ಇದನ್ನು ಬರೆಯಲು ಕಾರಣವುಂಟು. ಹತ್ತನೆಯ ತರಗತಿಯನ್ನು ಮುಗಿಸಿದ ನಮ್ಮ ಮಗಳ ಮಗನು ಬಡಗಿಯ ಕೆಲಸವನ್ನು ಕಲಿಯುವೆನೆನ್ನುತ್ತಾನೆ. ಮೂರು ತಿಂಗಳಲ್ಲಿ ಬಂದರೆ ಸರಿ, ಇಲ್ಲವಾದರೆ ಬಿಡಿಸಬೇಕೆಂದು ಅಳಿಯಂದಿರ ಅಭಿಪ್ರಾಯ. ಮೂರು ತಿಂಗಳಲ್ಲಿ ಹುಡುಗನು ಮರ ಕೆಡಿಸುವುದನ್ನಲ್ಲದೆ ಬೇರೇನನ್ನು ತೋರಿಸಬಲ್ಲ? ಕೆಡಿಸಿದ ಮರವನ್ನು ಕಂಡು ತೀರ್ಪು ಕೊಡುವುದಾದರೆ ಲೋಕದಲ್ಲಿ ಯಾವ ಬಡಗಿಯೂ ಉಳಿಯಲಾರನು.

ಎರಡು ವರ್ಷಗಳ ಅವಕಾಶವನ್ನು ಕೇಳಿದ್ದೇವೆ. ಅಭ್ಯಾಸದ ಮರದ ಖರ್ಚು ನಮ್ಮ ಪಿಂಚಣಿಯದೆಂದೂ ಹೇಳಿದ್ದೇವೆ. ಅಳಿಯಂದಿರು ಇನ್ನೂ ಒಪ್ಪಿಲ್ಲ. ಮಗಳು ಮಾತ್ರ ಹಿತ್ತಲಿನ ಕೊಟ್ಟಿಗೆಯನ್ನು ಗುಡಿಸಿ ಹಸನು ಮಾಡಿಸಿದ್ದಾಳೆ.