ಇನಿಷಿಯಲ್

ಶಾಲೆಯಲ್ಲಿ ನಾನು ಎಸ್. ಮಂಜುನಾಥ. ಎಸ್ ಅಂದರೆ ಸಿದ್ದಪ್ಪ, ನನ್ನಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಟ್ಟು ಬರೀ ಮಂಜುನಾಥ ಎಂದು ಬರೆಸಿದೆ. ಸರ್‌ನೇಮ್ ಜಾಗ ಖಾಲಿ. ಒಂದೇ ಹೆಸರು ಅಮೆರಿಕದ ವೀಸಾಕ್ಕೆ ಸಾಲದು. ಇದ್ದ ಹೆಸರು ಸರ್‌ನೇಮ್ ಆಯಿತು. ನನ್ನ ಹೆಸರಿರಬೇಕಾದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚಾಗಿ ಬಂತು. ಫಸ್ಟ್ ನೇಮ್ ಅನ್‌ನೋನ್. ಹೆಸರು ಗೊತ್ತಿಲ್ಲದವನು! ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ 'ಫ್ನೂ' ಎಂದು ಮೂರು ಸಲ ಕೂಗಿದರೂ, ಯಾರನ್ನೋ ಕರೆಯುತ್ತಿದ್ದಾರೆಂದು ಕೂತೇ ಇದ್ದೆ.

ಪಾಸ್‌ಪೋರ್ಟ್ ನವೀಕರಿಸುವಾಗ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ತುಂಬಿದೆ. ವೀಸಾ ಹಳೆಯದರಲ್ಲೇ ಇದ್ದುದರಿಂದ ಕೆಲಕಾಲ ಎರಡು ಪಾಸ್‌ಪೋರ್ಟ್, ಎರಡು ಹೆಸರು ಹೊತ್ತು ತಿರುಗಿದೆ. ಹೊಸ ವೀಸಾ ಬಂದಮೇಲೆ ಎಫ್‌ಎನ್‌ಯು ತೊಲಗಿತು. ಬ್ಯಾಂಕಿನಲ್ಲಿ ಮೊದಲ ಸಲ 'ಮಿಸ್ಟರ್ ಸಿದ್ದಪ್ಪ' ಎಂದಾಗ ತಿರುಗಿ ನೋಡಿದೆ. ಅಪ್ಪ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ.

"ಅಲ್ಲಿ ನಿನ್ನನ್ನ ಅವರ ಹೆಸರಲ್ಲೇ ಕರೀತಾರಾ?"

"ಹೂಂ ಅಮ್ಮ."

ತುಸು ಹೊತ್ತು ಮಾತಿಲ್ಲ.

"ಹಂಗಾದ್ರೆ ಕರೆದ ತಕ್ಷಣ ಓ ಅನ್ನು. ಕಾಯಿಸಬೇಡ."